ಜೇನೆದ್ದ ಎಳ್ಳಮಾವಾಸ್ಯೆ

ನಗಬಾರದ ಹೊತ್ತಿನಲ್ಲಿ ನಗು ಬರುವುದು ನನ್ನ ಹುಟ್ಟುಗುಣ. ಸತ್ತವರ ಮನೆಯಲ್ಲಿ ಬಂದಿದೆ, ಸ್ವಾಮಿಗಳ ಪಾದಪೂಜೆಯಲ್ಲಿ ಬಂದಿದೆ. ಹುಡುಗಿಯಾಗಿದ್ದಾಗ ಅವ್ವ ನನ್ನ ಪಕ್ಕದಲ್ಲೇ ಕುಳಿತು ತೊಡೆ ಚಿವುಟುತ್ತಿದ್ದಳು. ಚಿವುಟಿದಷ್ಟೂ ನಗು ಹೆಚ್ಚುತ್ತಿತ್ತು. ಈಗ ಹೇಳಹೊರಟಿರುವುದು ನನ್ನ ಮದುವೆ ಆಗುತ್ತದೋ ಮುರಿಯುತ್ತದೋ ಎಂದು ತೂಗಾಡುತ್ತಿದ್ದ ದಿನದ ಕಥೆ. ಆ ದಿನವೂ ನಾನು ನಗುತ್ತಲೇ ಇದ್ದೆ ಎಂದರೆ ನನ್ನ ಗುಣ ಎಂಥದ್ದು ಎಂದು ನೀವೇ ತಿಳಿದುಕೊಳ್ಳಿ.

ಪೊಲೀಸ್ ಆ್ಯಕ್ಷನ್ ಆಗಿ ನಾಲ್ಕೈದು ವರ್ಷವಾಗಿತ್ತು. ನಿಜಾಮನ ಕಾಲದ ಉರ್ದು ಹೋಗಿ ಸಾಲೆಗಳಲ್ಲಿ ಕನ್ನಡ ಬಂದಿತ್ತು. ಮಸ್ಕಿಯಲ್ಲಿ ನಮ್ಮದು ಬಟ್ಟೆ ಅಂಗಡಿ, ಅದರ ಹಿಂದೆಯೇ ಮನೆ, ಸಿಂಧನೂರು ರಸ್ತೆಗೆ ಹತ್ತಿದ ಎರೆ ಹೊಲ. ಯಜಮಾನಿಕೆ ಅಜ್ಜನದು. ಅಪ್ಪ ಅಂಗಡಿಯಲ್ಲಿ ಎಷ್ಟು ಮಾತಾಡುತ್ತಿದ್ದನೋ ಅಜ್ಜನ ಮುಂದೆ ಅಷ್ಟೇ ಮೂಕ.

ಒಂದು ದಿನ ಲಿಂಗಸುಗೂರಿನ ಸಾಲೆಯ ವಿಜ್ಞಾನದ ಮಾಸ್ತರರು ಹುಡುಗರ ದಂಡು ಕಟ್ಟಿಕೊಂಡು ಗುಡ್ಡದ ಬಂಡೆಯ ಮೇಲಿನ ಹಳೆಯ ಬರಹ ತೋರಿಸಲು ಬಂದರು. ಇಳಿದು ಬರುವಾಗ ನಮ್ಮ ಅಂಗಡಿಯ ಕಟ್ಟೆಯಲ್ಲಿ ನೀರು ಕೇಳಿದರು. ತಂಬಿಗೆ ಕೊಟ್ಟವಳು ನಾನು. ಅವರು ತಂಬಿಗೆ ಎತ್ತಿ ನನ್ನನ್ನು ನೋಡುತ್ತ ಕುಡಿಯಹೋಗಿ ಅರ್ಧ ನೀರನ್ನು ಅಂಗಿಗೆ ಕುಡಿಸಿದರು. ನಾನು ನಕ್ಕೆ. ಬೇರೆಯವರಾಗಿದ್ದರೆ ಮುಖ ಗಂಟು ಹಾಕುತ್ತಿದ್ದರು, ಇವರು ಒದ್ದೆ ಅಂಗಿ ಹಿಂಡುತ್ತ ನನಗಿಂತ ಜೋರಾಗಿ ನಕ್ಕರು. ಅಂದಿನಿಂದ ನನಗೆ ರೊಟ್ಟಿ ತಟ್ಟುವಾಗಲೂ ಆ ಒದ್ದೆ ಅಂಗಿಯೇ ಕಣ್ಣ ಮುಂದೆ. ಎಷ್ಟು ರೊಟ್ಟಿ ಸುಟ್ಟೆನೋ ಲೆಕ್ಕವಿಲ್ಲ.

ಒಂದು ತಿಂಗಳಲ್ಲಿ ಅವರ ಕಡೆಯಿಂದ ಹೆಣ್ಣು ಕೇಳಿಕೊಂಡು ಬಂದರು. ಅಜ್ಜ ಒಪ್ಪಿದಂತೆಯೇ ಇದ್ದ. ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಅವನ ಕಿವಿಗೆ ಒಂದು ಮಾತು ಹಾಕಿದರು. ಈ ಮಾಸ್ತರರು ಹೋಟೆಲಿನಲ್ಲಿ ಚಹಾ ಕುಡಿಯುತ್ತ, ಪಾಪ ಪುಣ್ಯ ಯಾವುದೂ ಮೇಲಿನಿಂದ ಇಳಿದದ್ದಲ್ಲ, ಹೊಟ್ಟೆಯಿಂದ ಮತ್ತು ಜೀವಭಯದಿಂದ ಹುಟ್ಟಿದ್ದು ಎಂದು ಹೇಳುತ್ತಾರಂತೆ. ಅಜ್ಜನಿಗೆ ಸಿಟ್ಟು ನೆತ್ತಿಗೇರಿತು.

"ಜೀವಭಯದಾಗ ಹುಟ್ಟಿದ್ದು ಜೀವಭಯದಾಗ ಸಾಯ್ತದ. ಇವನ ಕೈಯಾಗ ಹುಡುಗಿ ಕೊಟ್ರ, ನಾಳೆ ಏನಾರ ಬಂದ್ರ ಬಿಟ್ಟು ಓಡಿ ಹೋಗ್ತಾನ" ಎಂದ.

ಈ ಮಾತು ಕೇಳಿ ಕುಣಿದಾಡಿದವಳು ಸಾಲಗುಂದದ ಸೋದರತ್ತೆ. ಅಜ್ಜನ ಒಬ್ಬಳೇ ಮಗಳು. ಅವಳಿಗೊಬ್ಬ ಮಗನಿದ್ದ, ಗರಡಿ ಮನೆಯ ಪೈಲ್ವಾನ. ಸೋದರಮಾವನ ಮಗಳು ಎಂದು ನನ್ನ ಮೇಲೆ ಅವನ ಹಕ್ಕು ತೊಟ್ಟಿಲಲ್ಲಿದ್ದಾಗಲೇ ಬರೆದಿಟ್ಟಂತೆ ಅತ್ತೆ ಮಾತಾಡುತ್ತಿದ್ದಳು. ಹುಡುಗ ಕೆಟ್ಟವನೇನಲ್ಲ. ಆದರೆ ಅವನು ನಕ್ಕದ್ದನ್ನು ನಾನು ನೋಡಿರಲಿಲ್ಲ. ಬಾದಾಮಿ ತಿನ್ನುತ್ತಿದ್ದ, ಸಾಮು ತೆಗೆಯುತ್ತಿದ್ದ, ಮಲಗುತ್ತಿದ್ದ. ಮಾಸ್ತರರು ಆಗದಿದ್ದರೆ ಇವನೇ ಎನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆ ಯೋಚನೆ ಬಂದಾಗ ಮಾತ್ರ ನನ್ನ ನಗು ನಿಲ್ಲುತ್ತಿತ್ತು.

ಅಜ್ಜ ನ್ಯಾಯವಂತ. ಕೇಳಿದ ಮಾತಿನ ಮೇಲೆ ಫೈಸಲಾ ಮಾಡುವವನಲ್ಲ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಊಟಕ್ಕೆ ಬರಲಿ ಎಂದು ಮಾಸ್ತರರಿಗೆ ಹೇಳಿಕಳಿಸಿದ. ಅಮಾವಾಸ್ಯೆಯ ದಿನ ಕನ್ಯೆ ನೋಡುವುದುಂಟೇ ಎಂದು ಅವ್ವ ಹೌಹಾರಿದಳು. "ನೋಡಾಕಲ್ಲ, ಉಣ್ಣಾಕ ಕರದೀನಿ. ಉಣಕೋತ ಮಾತಾಡಸ್ತೀನಿ" ಎಂದ ಅಜ್ಜ.

ನಮ್ಮ ಕಡೆ ಎಳ್ಳಮಾವಾಸ್ಯೆ ಎಂದರೆ ಚರಗ ಚೆಲ್ಲುವ ಹಬ್ಬ. ಪೈರು ಹೊತ್ತ ಭೂಮಿ ಬಸುರಿ ಇದ್ದಂತೆ. ಅವಳ ಬಯಕೆ ತೀರಿಸಲು ಬಂಡಿ ಕಟ್ಟಿಕೊಂಡು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕಡುಬು, ಎಣ್ಣೆಗಾಯಿ, ಪುಂಡಿಪಲ್ಯ ಎಲ್ಲ ಹೇರಿಕೊಂಡು ಹೊಲಕ್ಕೆ ಹೋಗುತ್ತೇವೆ. ಮರದ ಬುಡದಲ್ಲಿ ಐದು ಕಲ್ಲಿಟ್ಟು ಸುಣ್ಣ ಬಳಿದು ಪೂಜೆ ಮಾಡಿ, ನಾವು ಒಂದು ತುತ್ತೂ ಮುಟ್ಟುವ ಮೊದಲು ಹೊಲದ ಸುತ್ತ ಅನ್ನ ಚೆಲ್ಲಿ ಬರುತ್ತೇವೆ. ಭೂಮಿಗೆ, ಹಕ್ಕಿಗೆ, ಇರುವೆಗೆ, ಹುಳಕ್ಕೆ ಮೊದಲ ಊಟ, ಆಮೇಲೆ ಮನುಷ್ಯರಿಗೆ.

ಆ ವರ್ಷ ಜೋಳ ಅಜ್ಜನಿಗಿಂತ ಎತ್ತರ ನಿಂತಿತ್ತು. ಕಪ್ಪು ನೆಲದ ನಡುವೆ ದೊಡ್ಡ ಹುಣಸೆ ಮರ. ಅದರ ಟೊಂಗೆಗೆ ಮೊರದಗಲದ ಹೆಜ್ಜೇನು ಕಟ್ಟಿತ್ತು. ಜೇನು ಇಳಿಸುವವರು ಹಿಂದಿನ ವಾರವೇ ಬಂದು ಕೇಳಿದ್ದರಂತೆ. ಚರಗದ ಹೊತ್ತಿನಲ್ಲಿ ಯಾರ ಮನೆಯನ್ನೂ ಒಡೆಯಕೂಡದೆಂದು ಅಜ್ಜ ಅವರನ್ನು ಬೈದು ಕಳಿಸಿದ್ದ.

ಮಾಸ್ತರರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಸೈಕಲ್ ತುಳಿದುಕೊಂಡು ಬಂದರು. ಎರೆ ಮಣ್ಣಿನಲ್ಲಿ ಸೈಕಲ್ ಹೂತು, ಕೊನೆಗೆ ಅದನ್ನು ಹೆಗಲ ಮೇಲೆ ಹೊತ್ತು ತಂದರು. ನಾನು ಬಂಡಿಯ ಹಿಂದೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕು ಬಂದೆ.

ಚರಗ ಚೆಲ್ಲಲು ಅಜ್ಜ ಅವರನ್ನೇ ಜೊತೆಗೆ ಕರೆದುಕೊಂಡ. ಅಜ್ಜ ಅನ್ನ ಚೆಲ್ಲುವುದು, ಅವರು ಹಿಂದಿನಿಂದ ನೀರು ಚಿಮುಕಿಸುವುದು. ಹೊಲ ಸುತ್ತಿ ಬಂದು ಮರದ ನೆರಳಿನಲ್ಲಿ ಹಾಸಿದ ಜಮಖಾನೆಯ ಮೇಲೆ ಕುಳಿತದ್ದೇ ಅಜ್ಜ ಶುರು ಮಾಡಿದ.

"ಈಗ ಚೆಲ್ಲಿದ್ವಲ್ಲ ಮಾಸ್ತರ, ಇದು ಪುಣ್ಯ ಹೌದೋ ಅಲ್ಲೋ?"

"ಹೌದ್ರಿ ಅಜ್ಜಾರ. ಆದ್ರ ಅದು ಎಲ್ಲಿಂದ ಬಂತು ಅನ್ನೂದು ಬ್ಯಾರೆ ಮಾತು. ಅನ್ನ ಹಾಕಿದ್ರ ಹಕ್ಕಿ ಬರ್ತಾವ, ಹಕ್ಕಿ ಬೆಳಿಯಾಗಿನ ಹುಳ ತಿಂತಾವ, ಬೆಳಿ ಉಳೀತದ. ಹಂಗ ಮಾಡಿದ ಮಂದಿ ಉಳದ್ರು. ಉಳದವ್ರು ಅದಕ್ಕ ಪುಣ್ಯ ಅಂತ ಹೆಸರಿಟ್ರು."

"ಹಂಗಾದ್ರ ತಾಯಿ ಕೂಸಿಗೆ ಹಾಲು ಕುಡಸೂದು?"

"ಅದೂ ಹಂಗರಿ. ರಕ್ತ ತನ್ನ ರಕ್ತಾನ ಕಾಯ್ತದ. ಹಸು ಕರುವಿನ್ನ ಕಾಯ್ತದ, ಅಪ್ಪ ಮಗಳನ್ನ ಕಾಯ್ತಾನ, ಮಗ ತಾಯಿನ್ನ ಕಾಯ್ತಾನ. ನೀತಿ ಅನ್ನೂದು ಅಲ್ಲಿಂದ ಹುಟ್ಟೇದ, ಆಮ್ಯಾಲ ಹಬ್ಬಿ ಊರಿಗೆಲ್ಲ ಬಂದದ."

ಅಜ್ಜ ತಲೆಯಾಡಿಸಿದ. "ಅಲ್ಲ. ಶಿವ ಒಂದೊಂದು ಜೀವದಾಗೂ ಒಂದು ಹಣತಿ ಹಚ್ಚಿಟ್ಟಾನ. ಹುಳದಾಗೂ ಇಟ್ಟಾನ. ಜೀವ ಹೋಗೂ ಹೊತ್ತಿನಾಗೂ ಅದು ಆರಂಗಿಲ್ಲ. ಹೊಟ್ಟಿ ಹೊಟ್ಟಿ ಅಂತೀಯಲ್ಲ, ಹೊಟ್ಟಿ ಲೆಕ್ಕ ಇಲ್ಲದಾಗ ಏನ್ ಮಾಡ್ತೀ?"

ಇಬ್ಬರ ಮಾತೂ ನನಗೆ ಸರಿ ಎನಿಸುತ್ತಿತ್ತು. ಮಾಸ್ತರರು ಒಂದಿಷ್ಟು ಸುಮ್ಮನಿದ್ದು 'ಹೌದ್ರಿ' ಎಂದುಬಿಡಬಾರದೇ ಎಂದು ಹೋಳಿಗೆಯ ಮೇಲೆ ತುಪ್ಪ ಸುರಿಯುತ್ತ ಸುರಿಯುತ್ತ ತಟ್ಟೆ ತುಂಬಿ ಹರಿಸಿದೆ. ಮಗನನ್ನೂ ಕರೆದುಕೊಂಡು ಹಬ್ಬಕ್ಕೆ ಬಂದಿದ್ದ ಅತ್ತೆ ಇದೇ ಸಮಯವೆಂದು ಬಾಯಿ ಹಾಕಿದಳು. ಮೊಣಕಾಲು ನೋವಿನವಳು, ಕುಳಿತರೆ ಎಬ್ಬಿಸಲು ಇಬ್ಬರು ಬೇಕು. ಬಾಯಿಗೆ ಮಾತ್ರ ಯಾರ ಆಸರೆಯೂ ಬೇಡ.

"ಅಲ್ರಿ ಮಾಸ್ತರ, ನಿಮಗ ಹೆಂಡ್ತಿ ಆಗಿ ಬರಾಕಿ ನಿಮ್ಮ ರಕ್ತ ಅಲ್ಲಲ್ರಿ. ತೋಳ ಬಂದ್ರ ಆಕಿನ್ನ ಅದರ ಮುಂದ ಒಗದು ಬರ್ತೀರೇನ್ ಮತ್ತ?"

ಎಲ್ಲರೂ ನಕ್ಕರು. ಪೈಲ್ವಾನನೂ ಮೊದಲ ಬಾರಿ ನಕ್ಕ. ಮಾಸ್ತರರ ಕಿವಿ ಕೆಂಪಾಯಿತು. ಸುಳ್ಳು ಹೇಳಲು ಬಾರದ ಪ್ರಾಣಿ ಅದು. ಸ್ವಲ್ಪ ಯೋಚಿಸಿ, "ಗೊತ್ತಿಲ್ರಿ ಅಕ್ಕಾರ. ತೋಳ ಬಂದಾಗ ಹೇಳ್ತೀನಿ" ಎಂದರು.

"ಕೇಳಿದ್ರ್ಯಾ? ಗೊತ್ತಿಲ್ಲಂತ!" ಅಜ್ಜ ಎದ್ದುಬಿಟ್ಟ. ಅಲ್ಲಿಗೆ ನನ್ನ ಮದುವೆ ಮುಗಿಯಿತು ಎಂದುಕೊಂಡೆ. ಅವ್ವ ನನ್ನ ಮುಖ ನೋಡಿದಳು. ನಾನು ಪೈಲ್ವಾನನ ಕೈಯಲ್ಲಿದ್ದ ಹೋಳಿಗೆಯ ರಾಶಿ ನೋಡಿದೆ. ಜೀವಮಾನವೆಲ್ಲ ಇವನಿಗೆ ಹೋಳಿಗೆ ತಟ್ಟಬೇಕು ಎಂದುಕೊಂಡು ತುಪ್ಪದ ಗಿಂಡಿ ಕೆಳಗಿಟ್ಟೆ.

ಅಜ್ಜ ಸಿಟ್ಟಿನಲ್ಲೇ ಮರದ ಬುಡಕ್ಕೆ ಹೋದ. ಐದು ಕಲ್ಲಿನ ಪೂಜೆಯಲ್ಲಿ ಧೂಪ ಹಾಕುವುದೊಂದು ಬಾಕಿ ಉಳಿದಿತ್ತು. ಕೆಂಡದ ಮೇಲೆ ಮುಷ್ಟಿ ಮುಷ್ಟಿ ಲೋಬಾನ ಸುರಿಯತೊಡಗಿದ. ದಟ್ಟ ಹೊಗೆ ನೆಟ್ಟಗೆ ಮೇಲೇರಿತು.

"ಅಜ್ಜಾರ, ಹೊಗಿ ಬ್ಯಾಡ್ರಿ. ಮ್ಯಾಲ ಹೆಜ್ಜೇನು ಅದ" ಎಂದರು ಮಾಸ್ತರರು. ಅವರು ಆಗಲೇ ಎದ್ದು ಬಂಡಿಯ ಬಳಿ ಹೋಗಿ ಸೈಕಲ್ಲಿನ ಮಣ್ಣು ಕೆರೆಯುತ್ತಿದ್ದರು. ಹೊರಡುವ ತಯಾರಿ.

"ನೀ ಸುಮ್ನಿರೋ. ಅವು ನಮ್ಮ ಹೊಲದ ಹುಳ. ಈಗ ನಮ್ಮ ಚರಗ ಉಂಡಾವ. ಉಂಡ ಮನಿಗೆ ಎರಡು ಬಗೆಯುವಂಥ ಬುದ್ಧಿ ಅವಕ್ಕಿಲ್ಲ" ಎಂದು ಅಜ್ಜ ಇನ್ನೊಂದು ಮುಷ್ಟಿ ಹಾಕಿದ.

ಆ ಹುಳಗಳು ಚರಗ ಉಂಡಿರಲಿಲ್ಲವೋ, ಉಂಡದ್ದನ್ನು ಮರೆತವೋ ನನಗೆ ತಿಳಿಯದು. ಮೇಲೆ ಗುಂಯ್ ಎಂದಿತು. ಕಪ್ಪು ಮೊರ ಟೊಂಗೆಯಿಂದ ಕಳಚಿ ಚದುರಿತು.

ಮೊದಲು ಓಡಿದವನು ಅಜ್ಜ. ಮನೆಯ ಮೆಟ್ಟಿಲು ಹತ್ತಲು ನನ್ನ ಭುಜ ಹಿಡಿಯುತ್ತಿದ್ದ ಮುದುಕ ಧೋತರ ಎತ್ತಿ ಕಟ್ಟಿ, ಜಮಖಾನೆ ದಾಟಿ, ಅಂಬಲಿಯ ಗಡಿಗೆ ದಾಟಿ, ಜೋಳದೊಳಗೆ ಮಾಯವಾದ. ಪೈಲ್ವಾನ ಎರಡನೆಯವನು. ಅವನ ದಾರಿಗೆ ಅಡ್ಡವಾಗಿ ಅವನ ತಾಯಿ ಕುಳಿತಿದ್ದಳು. ಸುತ್ತಿ ಹೋಗಲು ವ್ಯವಧಾನವಿಲ್ಲ. ಗರಡಿಯ ಜಿಗಿತ ಅಂದೇ ಕೆಲಸಕ್ಕೆ ಬಂದದ್ದು. ತಾಯಿಯ ತಲೆಯ ಮೇಲಿನಿಂದ ಹಾರಿ ಹೋದ, ಕೈಯಲ್ಲಿ ಹೋಳಿಗೆ ಹಾಗೇ ಇತ್ತು. ಅಪ್ಪ ಅವ್ವ ನನ್ನ ರಟ್ಟೆ ಹಿಡಿದು ಜೋಳದೊಳಗೆ ಎಳೆದುಕೊಂಡರು.

ಅತ್ತೆ ಕುಳಿತಲ್ಲೇ ಉಳಿದಳು. ಎರಡು ಕೈಯೂರಿ ಏಳಲು ನೋಡಿದಳು, ಆಗಲಿಲ್ಲ. ಸೆರಗು ತಲೆಯ ಮೇಲೆಳೆದು "ಯಪ್ಪಾ! ಬಾರೋ ಯಪ್ಪಾ!" ಎಂದು ಅಜ್ಜನನ್ನು ಕೂಗಿದಳು. ಆಮೇಲೆ ಮಗನನ್ನು ಕರೆದಳು. ಜೋಳದೊಳಗಿನಿಂದ ಯಾರೂ ಓಗೊಡಲಿಲ್ಲ.

ಮಾಸ್ತರರಿಗೆ ಜೇನು ಮುಟ್ಟಿರಲೇ ಇಲ್ಲ. ಮರದಿಂದ ದೂರವಿದ್ದರು, ಕೈಯಲ್ಲಿ ಸೈಕಲ್ ಇತ್ತು, ಎದುರಿಗೆ ರಸ್ತೆ ಇತ್ತು. ಸೈಕಲ್ ದೊಪ್ಪನೆ ಬಿತ್ತು. ಬಂಡಿಯೊಳಗಿನ ಕಂಬಳಿ ಎಳೆದುಕೊಂಡು ಅವರು ಮರದ ಕಡೆಗೇ ಓಡಿದರು. ಅತ್ತೆಗೆ ಕಂಬಳಿ ಹೊದಿಸಿದರು. ಅತ್ತೆಯ ಗಾತ್ರಕ್ಕೇ ಆ ಕಂಬಳಿ ಮುಗಿದುಹೋಯಿತು. ಅಂಚು ಬಿಚ್ಚದಂತೆ ಅದುಮಿ ಹಿಡಿದು, ಬರಿ ತಲೆಯಲ್ಲಿ ಅವಳ ಮೇಲೆ ಬಾಗಿ ನಿಂತರು. ಬಿಳಿ ಅಂಗಿಯ ಮೇಲೆ ಒಂದೊಂದಾಗಿ ಹುಳ ಕೂರುತ್ತಿದ್ದವು.

ನಾನು ಅವ್ವನ ಕೈ ಕೊಸರಿಕೊಂಡದ್ದು ನನಗೆ ನೆನಪಿಲ್ಲ. ನೆನಪಿರುವುದು ಅತ್ತೆ ಕುಳಿತಿರದ ಕಡೆಯಿಂದ ಜಮಖಾನೆಯ ತುದಿ ಹಿಡಿದು ಮೇಲಕ್ಕೆ ಜಗ್ಗಿದ್ದು. ಅಷ್ಟೂ ಅಡುಗೆ ಉರುಳಿತು. ಕಡುಬು ಒಂದು ಕಡೆ, ಪಲ್ಯ ಒಂದು ಕಡೆ. ಜಮಖಾನೆಯನ್ನು ಅವರ ತಲೆಯ ಮೇಲೆ ಹಾಕಿ ನಾನೂ ಒಳಗೆ ತೂರಿ ಅತ್ತೆಯ ಪಕ್ಕ ಕುಕ್ಕರಿಸಿದೆ. ಅದರ ಮಡಿಕೆಯಲ್ಲಿ ಉಳಿದಿದ್ದ ಎಣ್ಣೆಗಾಯಿ ಅವರ ಅಂಗಿಯ ಕೊರಳೊಳಗೆ ಜಾರಿತು.

ಒಳಗೆ ಕತ್ತಲು, ಸೆಕೆ, ಬದನೆಕಾಯಿಯ ಮಸಾಲೆ ಮತ್ತು ಲೋಬಾನದ ವಾಸನೆ. ಹೊರಗೆ ಜೇನಿನ ಮೊರೆತ. ಅತ್ತೆ ನರಳುತ್ತಿದ್ದಳು. ಮಾಸ್ತರರು ಬೆನ್ನಲ್ಲಿ ಬದನೆಕಾಯಿ ಇಳಿಯುತ್ತಿದ್ದರೂ ಅಲುಗಾಡುವಂತಿರಲಿಲ್ಲ. ನನಗೆ ನಗು ಬಂತು. ತಡೆದೆ. ತಡೆದಷ್ಟೂ ಹೊಟ್ಟೆ ಕುಣಿಯಿತು.

"ನೀವ್ಯಾಕ ಬಂದ್ರಿ?" ಎಂದರು ಅವರು ಮೆಲ್ಲಗೆ. ತುಟಿ ಆಗಲೇ ಬಾತಿತ್ತು.

"ಗೊತ್ತಿಲ್ರಿ. ಕಾಲು ಬಂದ್ವು. ನೀವ್ಯಾಕ ಬಂದ್ರಿ?"

"ನನಗೂ ಗೊತ್ತಿಲ್ಲ."

ಅಷ್ಟಕ್ಕೇ ಇಬ್ಬರೂ ಹುಚ್ಚರಂತೆ ನಗತೊಡಗಿದೆವು. ಜಮಖಾನೆ ಅಲುಗಾಡುತ್ತಿತ್ತು. ಕಂಬಳಿಯೊಳಗಿನಿಂದ ಅತ್ತೆ ಗದರಿದಳು: "ಏನ್ ನಗತೀಯ ಬೇ ಹುಚ್ಚಿ! ಮಂದಿ ಸಾಯಾಕತ್ತಾರ ಇಲ್ಲಿ!" ಒಂದು ಗಳಿಗೆ ಬಿಟ್ಟು ಅವಳೂ ನಗುತ್ತಿದ್ದಳೋ ಅಳುತ್ತಿದ್ದಳೋ, ಕಂಬಳಿಯೂ ಅಲುಗಾಡಿತು. ನಾನು ಮುದುಕಿಯಾಗಿದ್ದೇನೆ, ಬಹಳ ಕಂಡಿದ್ದೇನೆ. ಆ ಜಮಖಾನೆಯೊಳಗೆ ಇದ್ದಷ್ಟು ಸುಖವಾಗಿ ಎಲ್ಲೂ ಇರಲಿಲ್ಲ.

ಕೆಂಡ ಆರಿ ಹೊಗೆ ನಿಂತ ಮೇಲೆ ಜೇನು ಮರಕ್ಕೆ ಮರಳಿತು. ನಾವು ಮೆಲ್ಲಗೆ ಬಂಡಿಯ ಬಳಿಗೆ ಸರಿದೆವು. ಒಬ್ಬೊಬ್ಬರೇ ಜೋಳದಿಂದ ಹೊರಬಂದರು. ಅಜ್ಜ ಬಂದದ್ದು ಎಲ್ಲರಿಗಿಂತ ಕೊನೆಗೆ. ಒಂದು ಕೈಯಲ್ಲಿ ಕೊರಳ ಲಿಂಗ ಹಿಡಿದಿದ್ದ, ಇನ್ನೊಂದು ಕೈಯಲ್ಲಿ ಲೋಬಾನದ ಡಬ್ಬಿ.

ಅತ್ತೆಗೆ ಮೂರ್ನಾಲ್ಕು ಕಡೆ ಕಚ್ಚಿತ್ತು. ಮಾಸ್ತರರ ಮುಖ ಮಾತ್ರ ಗುರುತು ಸಿಗದಂತೆ ಊದಿತ್ತು, ಒಂದು ಕಣ್ಣು ಮುಚ್ಚಿತ್ತು. ಅತ್ತೆ ತನ್ನ ಎಲೆಯಡಿಕೆ ಚಂಚಿ ಬಿಚ್ಚಿ, ಒಂದೊಂದೇ ಮುಳ್ಳು ಕಿತ್ತು ಸುಣ್ಣ ಹಚ್ಚಿದಳು. ಅವರ ಮುಖ ಮರದ ಬುಡದ ಐದು ಕಲ್ಲುಗಳ ಹಾಗೆ ಬೆಳ್ಳಗಾಯಿತು. ನಾನು ಮತ್ತೆ ನಕ್ಕೆ. ಈ ಸಲ ಅವ್ವ ಚಿವುಟಲಿಲ್ಲ.

ಅಜ್ಜ ಡಬ್ಬಿಯನ್ನು ಬಂಡಿಯೊಳಗಿಟ್ಟ. ಆಮೇಲೆ ಕೇಳಿದ: "ಯಾಕ ತಿರುಗಿ ಬಂದಿ? ಆಕಿ ನಿನ್ನ ರಕ್ತ ಅಲ್ಲ. ನಿನ್ನ ಶಾಸ್ತ್ರದಾಗ ಏನೈತಿ ಇದಕ್ಕ?"

ಮಾಸ್ತರರು ಬಾತ ತುಟಿಯಲ್ಲಿ ತೊದಲಿದರು. "ಏನೂ ಇಲ್ರಿ ಅಜ್ಜಾರ. ಕಾಲು ತಿರುಗಿದ್ವು. ಅದೂ ಹುಟ್ಟುಗುಣಾನ ಇರಬೇಕ್ರಿ."

"ಹಂಗಾದ್ರ ನನ್ನ ಕಾಲು?"

ಜಾಣರಾಗಿದ್ದರೆ ಸುಮ್ಮನಿರುತ್ತಿದ್ದರು. "ಅವೂ ಹುಟ್ಟುಗುಣಾನರಿ" ಎಂದುಬಿಟ್ಟರು.

ಅಜ್ಜನ ಮುಖ ಸುಟ್ಟಂತಾಯಿತು. "ನನ್ನ ಕಾಲಿಗೂ ತನ್ನ ಕಾಲಿಗೂ ಫರಕು ತಿಳೀದವಗ ನನ್ನ ಮಮ್ಮಗಳನ್ನ ಕೊಡಂಗಿಲ್ಲ. ಬಂಡಿ ಕಟ್ರಿ" ಎಂದ. ಅದು ಸಿಟ್ಟಲ್ಲ, ನಾಚಿಕೆ. ಆದರೆ ನಾಚಿಕೆಯಿಂದ ಆಡಿದ ಮಾತನ್ನು ಅಜ್ಜ ಸಿಟ್ಟಿನ ಮಾತಿಗಿಂತ ಗಟ್ಟಿಯಾಗಿ ಹಿಡಿಯುತ್ತಾನೆಂದು ನಮಗೆಲ್ಲ ಗೊತ್ತಿತ್ತು. ಅಪ್ಪ ಎದ್ದು ಎತ್ತು ತಂದ. ಎತ್ತುಗಳ ಕೊರಳಿಗೆ ನೊಗ ಬಿತ್ತು.

"ಕೊಡಬೇಕು" ಎಂದಳು ಅತ್ತೆ.

ಸುಣ್ಣದ ಬೆರಳು ಹಾಗೇ ಇತ್ತು. ಅವಳು ಯಾರ ಮುಖವನ್ನೂ ನೋಡಲಿಲ್ಲ. "ಹುಡುಗಿನ್ನ ನನ್ನ ಮನಿಗೆ ಒಯ್ಯಾಕಂತ ಬಂದೀನಿ ನಾನು. ನಿನಗ ಗೊತ್ತೈತಿ ಯಪ್ಪಾ. ಈಗ ನಾನ ಹೇಳಾಕತ್ತೀನಿ. ಈ ಮಾಸ್ತರಗ ಕೊಡು."

"ಯವ್ವಾ!" ಎಂದ ಪೈಲ್ವಾನ.

"ನಿನ್ನ ಮ್ಯಾಲ ಸಿಟ್ಟಿಲ್ಲೋ ಮಗನ. ನಿನ್ನ ಕಾಲೂ ನಾನ ಹಡದೀನಿ. ಜೀವ ಯಾರಿಗೆ ಬ್ಯಾಡ?" ಅವಳು ಚಂಚಿಯ ದಾರ ಬಿಗಿದಳು. "ಆದ್ರ ನಾನು ಕೂಗೀನಿ. ನನ್ನ ಹಡದಾಂವನ್ನ ಕೂಗೀನಿ, ನಾ ಹಡದಾಂವನ್ನೂ ಕೂಗೀನಿ. ಬಂದಾಂವ ಇಂವ. ಈ ಹುಡುಗಿನೂ ನಾಳೆ ಎಂದಾರ ಕೂಗ್ತಾಳ. ಅಷ್ಟ ನನಗ ತಿಳೀತದ, ಉಳದದ್ದು ನೀವು ವಾದ ಮಾಡ್ರಿ."

ಅಜ್ಜ ನೊಗದ ಮೇಲೆ ಕೈಯಿಟ್ಟು ನಿಂತಿದ್ದ. ಕೊನೆಗೆ "ಆತು" ಎಂದ. ಒಂದೇ ಮಾತು. ಅಮಾವಾಸ್ಯೆಯ ದಿನ, ಮುಹೂರ್ತವಿಲ್ಲದೆ, ಚೆಲ್ಲಿದ ಪುಂಡಿಪಲ್ಯದ ನಡುವೆ, ಒಂದೇ ಕಣ್ಣು ಬಿಟ್ಟುಕೊಂಡಿದ್ದ ವರನೊಡನೆ ನನ್ನ ಮದುವೆ ಗಟ್ಟಿಯಾಯಿತು. ಹೊಲವೆಲ್ಲ ಕುಣಿದಾಡಿಬಿಡಬೇಕು ಎನಿಸಿತು. ಉರುಳಿದ ಕಡುಬುಗಳನ್ನು ಆರಿಸಿ ಹಕ್ಕಿಗಳಿಗೆ ಎಸೆಯುತ್ತ ಹೊಲದ ತುದಿಯವರೆಗೂ ಓಡಿದೆ. ಎರಡನೇ ಚರಗ ಅದು.

ಮುಂದಿನ ವರ್ಷ ಮೊದಲ ಎಳ್ಳಮಾವಾಸ್ಯೆಗೆಂದು ಗಂಡನ ಜೊತೆ ಲಿಂಗಸುಗೂರಿನಿಂದ ಬಂದೆ. ಆ ವರ್ಷವಿಡೀ ಅಜ್ಜನೂ ಅವರೂ ಸಿಕ್ಕಾಗಲೆಲ್ಲ ವಾದ ಮಾಡಿದ್ದರು. ಅಜ್ಜ ಶಿವನ ಹಣತೆಯನ್ನು ಬಿಡಲಿಲ್ಲ, ಇವರು ಹುಟ್ಟುಗುಣವನ್ನು ಬಿಡಲಿಲ್ಲ. ರಕ್ತ ರಕ್ತವನ್ನು ಕಾಯುತ್ತದೆ ಎಂಬ ಮಾತನ್ನು ಮಾತ್ರ ಇವರು ಮತ್ತೆ ಎತ್ತಲಿಲ್ಲ. ಜೀವ ಹೋಗುವ ಹೊತ್ತಿನಲ್ಲೂ ಹಣತೆ ಆರುವುದಿಲ್ಲ ಎಂಬುದನ್ನು ಅಜ್ಜನೂ ಎತ್ತಲಿಲ್ಲ.

ಹೊಲದಲ್ಲಿ ಅದೇ ಹುಣಸೆ ಮರ, ಅದೇ ಜಮಖಾನೆ. ಎಣ್ಣೆಯ ಕಲೆ ಇನ್ನೂ ಹೋಗಿರಲಿಲ್ಲ. ಚರಗ ಚೆಲ್ಲಿ ಬಂದ ಅಜ್ಜ ಎಂದಿನ ಯಜಮಾನನ ಜಾಗ ಬಿಟ್ಟು ಅತ್ತೆಯ ಪಕ್ಕಕ್ಕೆ ಹೋಗಿ ಕುಳಿತ. ಅವಳ ಎಡಗೈಯ ಮಣಿಕಟ್ಟು ಹಿಡಿದ.

"ಇದೇನೋ ಯಪ್ಪಾ, ಬಿಡು. ಉಣ್ಣಬೇಕು" ಎಂದಳು ಅತ್ತೆ.

"ಬಲಗೈಲೆ ಉಣ್ಣು. ಈ ಸಲ ಓಡೂದು ಬಂದ್ರ ಇಬ್ರೂ ಕೂಡೇ ಓಡೂಣು."

ಅತ್ತೆ ತಲೆ ತಗ್ಗಿಸಿ ರೊಟ್ಟಿ ಮುರಿದಳು. ನನ್ನ ಗಂಡ ಏನೋ ಹೇಳಲು ಬಾಯಿ ತೆರೆದರು. ನಾನು ಅವರ ತೊಡೆ ಚಿವುಟಿದೆ. ಅಜ್ಜ ಊಟ ಮುಗಿಯುವವರೆಗೂ ಆ ಕೈ ಬಿಡಲಿಲ್ಲ. ಆ ವರ್ಷ ಮರದಲ್ಲಿ ಜೇನು ಕಟ್ಟಿರಲೇ ಇಲ್ಲ.